ಹಳೆಯ ಫಾಸ್ಟ್ ಕಾರಿಗೆ ಬೆಲೆ ಕಟ್ಟುವ ಲೆಕ್ಕ

ಪುಣೆಯ ಹಿಂಜೆವಾಡಿಯಲ್ಲಿ ಕೆಲಸ ಮಾಡುವ ನಮ್ಮ ಹುಬ್ಬಳ್ಳಿ-ಧಾರವಾಡ, ಬೆಳಗಾವಿ ಕಡೆಯ ಹುಡುಗರ ಮಾತು ಈಚೆಗೆ ಫ್ಲ್ಯಾಟು, ಮ್ಯೂಚುವಲ್ ಫಂಡು ಬಿಟ್ಟು ಇನ್ನೊಂದು ಕಡೆ ಹೊರಳಿದೆ. 2002ರ ಹೋಂಡಾ ಸಿಟಿ ವಿಟೆಕ್ ಕಂಪನಿಯಿಂದ ಬಂದ ಹಾಗೇ, ಸ್ಟಾಕ್ ಕಂಡಿಷನ್‌ನಲ್ಲಿ ಎಲ್ಲಾದರೂ ಇದೆಯಾ, ಫಿಯೆಟ್ ಕಂಪನಿಯ ಅಬಾರ್ತ್ ಪುಂಟೊಗೆ ಈಗ ಎಷ್ಟು ಕೊಡಬಹುದು, ಅದೇ ಫಿಯೆಟ್ ಪಾಲಿಯೊ 1.6 ಸಿಕ್ಕರೆ ಬಿಡಬೇಡ, ಹೀಗೆ. ಕೆಲವು ವರ್ಷಗಳ ಹಿಂದೆ ಸೊಸೈಟಿಯ ಮೂಲೆಯಲ್ಲಿ ಧೂಳು ತಿನ್ನುತ್ತ ನಿಂತಿದ್ದ ಗಾಡಿಗಳಿಗೆ ಈಗ ಫೋನಿನ ಮೇಲೆ ಫೋನು. ಊರಿನಿಂದ ಬಂದ ಅಪ್ಪ ಕೇಳುವುದು ಮಾತ್ರ ಒಂದೇ: "ಈ ಹಳೀ ಗಾಡಿಗೆ ಇಷ್ಟ ರೊಕ್ಕಾ ಯಾಕೋ?"

ನ್ಯಾಯವಾದ ಪ್ರಶ್ನೆ. ಹೊಸ ಕಾರಿಗೆ ಕಂಪನಿಯ ಬೆಲೆಪಟ್ಟಿ ಇರುತ್ತದೆ. ಐದು ವರ್ಷದ ಸ್ವಿಫ್ಟಿಗೆ ಯಾವ ಆ್ಯಪ್ ನೋಡಿದರೂ ಹೆಚ್ಚುಕಡಿಮೆ ಒಂದೇ ಅಂಕಿ. ಆದರೆ ಇಪ್ಪತ್ತು ವರ್ಷ ದಾಟಿದ, ಕೆಲವೇ ಉಳಿದಿರುವ, ಜೋರಾಗಿ ಓಡುವ ಕಾರಿಗೆ ಈ ಎರಡೂ ಆಸರೆ ಇಲ್ಲ. ದರ ಏರುವ ಕಾಲದಲ್ಲಂತೂ ಮಾರುವವನು ಹೇಳಿದ್ದೇ ಬೆಲೆ ಎಂದು ಕೊಳ್ಳುವವನಿಗೂ ಅನಿಸಿಬಿಡುತ್ತದೆ. ಹಾಗೇನಿಲ್ಲ. ಪೆನ್ನು ಕಾಗದ ಹಿಡಿದು ಮಾಡಬಹುದಾದ ಲೆಕ್ಕವೊಂದಿದೆ.

ಯಾವುದು ಕ್ಲಾಸಿಕ್, ಯಾವುದು ಬರೀ ಹಳೆಯದು

ವಿಂಟೇಜ್ ಎಂದರೇನು ಎನ್ನುವುದನ್ನು ಕಾನೂನೇ ಹೇಳುತ್ತದೆ. 2021ರ ಜುಲೈನಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ಬಂದ ತಿದ್ದುಪಡಿಯಂತೆ, ಮೊದಲ ನೋಂದಣಿಯಾಗಿ 50 ವರ್ಷ ದಾಟಿರಬೇಕು, ಮೂಲ ರೂಪ ಉಳಿದಿರಬೇಕು, ಚಾಸಿ, ಬಾಡಿ, ಎಂಜಿನ್‌ಗಳಲ್ಲಿ ದೊಡ್ಡ ಮಾರ್ಪಾಡು ಆಗಿರಬಾರದು. ಅಂಥ ಗಾಡಿಗೆ ರಾಜ್ಯದ ಅಕ್ಷರಗಳ ನಂತರ 'ವಿಎ' ಎಂದು ಬರುವ ವಿಶೇಷ ನಂಬರು ಸಿಗುತ್ತದೆ. ಹೊಸ ನೋಂದಣಿಗೆ ₹20,000, ಆಮೇಲೆ ನವೀಕರಣಕ್ಕೆ ₹5,000. ಆದರೆ ಅದನ್ನು ದಿನಾ ಓಡಿಸುವಂತಿಲ್ಲ. ರ್ಯಾಲಿ, ಪ್ರದರ್ಶನ, ರಿಪೇರಿ, ಪೆಟ್ರೋಲ್ ಹಾಕಿಸಲು ಇಷ್ಟಕ್ಕೇ ಹೊರಗೆ ತೆಗೆಯಬಹುದು.

ಕ್ಲಾಸಿಕ್‌ಗೆ ಹೀಗೆ ಸರ್ಕಾರ ಎಳೆದ ಗೆರೆ ಇಲ್ಲ. ತಯಾರಿಕೆ ನಿಂತುಹೋದ ಮೇಲೂ ಜನ ನೆನಪಿಟ್ಟು ಹುಡುಕುವ ಕಾರನ್ನು ರೂಢಿಯಲ್ಲಿ ಹಾಗೆನ್ನುತ್ತೇವೆ. ಆರ್‌ಟಿಒ ಕಣ್ಣಿಗೆ, ವಿಮಾ ಕಂಪನಿಯ ಕಣ್ಣಿಗೆ ಅದು ವಯಸ್ಸಾದ ಸಾಧಾರಣ ಗಾಡಿಯೇ. ಮುಂದೆ ಬರುವ ಅರ್ಧ ತೊಂದರೆಗಳಿಗೆ ಇದೇ ಮೂಲ.

ಪರ್ಫಾರ್ಮೆನ್ಸ್ ಕಾರು ಎಂದರೆ ದೊಡ್ಡ ಎಂಜಿನ್ ಎಂದಲ್ಲ. ತೂಕಕ್ಕೆ ಹೋಲಿಸಿದರೆ ಶಕ್ತಿ ಎಷ್ಟು ಎಂಬುದು ಮುಖ್ಯ. 2000ರ ಸುಮಾರಿಗೆ ಬಂದ ಸಿಟಿ ವಿಟೆಕ್‌ನದು ಬರೀ 1.5 ಲೀಟರ್ ಎಂಜಿನ್, 106 ಅಶ್ವಶಕ್ತಿ. ಆದರೆ ಕಾರಿನ ತೂಕವೇ ಸುಮಾರು ಒಂದು ಟನ್. ಮಾರುತಿ 800 ರಸ್ತೆ ತುಂಬಿದ್ದ ಕಾಲದಲ್ಲಿ ಅದು ಬೇರೆಯೇ ಪ್ರಾಣಿ. 2001ರಲ್ಲಿ ಬಂದ ಪಾಲಿಯೊ 1.6ಕ್ಕೆ 100 ಅಶ್ವಶಕ್ತಿ ಇತ್ತು, ಅದು ತಯಾರಾಗುತ್ತಿದ್ದುದು ಮುಂಬೈಯ ಕುರ್ಲಾದಲ್ಲಿ. ಆಮೇಲೆ 1.8 ಟರ್ಬೊ ಎಂಜಿನ್‌ನ ಸ್ಕೋಡಾ ಆಕ್ಟೇವಿಯಾ ಆರ್‌ಎಸ್ ಬಂತು. 2015ರಲ್ಲಿ ಪುಣೆ ಹತ್ತಿರದ ರಾಂಜಣಗಾವ್ ಕಾರ್ಖಾನೆಯಿಂದ 145 ಅಶ್ವಶಕ್ತಿಯ ಅಬಾರ್ತ್ ಪುಂಟೊ ಹೊರಬಂತು, ಆಗ ಎಕ್ಸ್-ಶೋರೂಂ ಬೆಲೆ ₹9.95 ಲಕ್ಷ. 2016ರಲ್ಲಿ ಫೋಕ್ಸ್‌ವ್ಯಾಗನ್ ಹೊರದೇಶದಿಂದ ತರಿಸಿದ ಪೋಲೊ ಜಿಟಿಐ ಇಡೀ ದೇಶಕ್ಕೆ 99 ಮಾತ್ರ. ಕೊನೆಯ ಎರಡನ್ನು ಕ್ಲಾಸಿಕ್ ಎನ್ನಲು ಇನ್ನೂ ಕಾಲ ಬಂದಿಲ್ಲ ಎಂದು ವಾದಿಸುವವರಿದ್ದಾರೆ. ಪೇಟೆ ಮಾತ್ರ ಆ ವಾದಕ್ಕೆ ಕಾಯುತ್ತ ಕೂತಿಲ್ಲ.

ಇಳಿದ ಬೆಲೆ ಮತ್ತೆ ಏರುವುದೇಕೆ

ಯಾವ ಕಾರಾದರೂ ಶೋರೂಮಿನಿಂದ ಹೊರಬಿದ್ದ ದಿನವೇ ಬೆಲೆ ಕಳೆದುಕೊಳ್ಳಲು ಶುರುಮಾಡುತ್ತದೆ. ಹತ್ತು-ಹದಿನೈದು ವರ್ಷಕ್ಕೆ ತಳ ಮುಟ್ಟುತ್ತದೆ. ಬಹುಪಾಲು ಕಾರುಗಳು ಅಲ್ಲಿಂದ ನೇರ ಗುಜರಿಗೆ. ಬೆರಳೆಣಿಕೆಯ ಮಾಡೆಲ್‌ಗಳು ಮಾತ್ರ ತಳದಿಂದ ಮೇಲೇಳುತ್ತವೆ.

ಮೊದಲ ಕಾರಣ ವಯಸ್ಸು, ಕಾರಿನದಲ್ಲ, ಕೊಳ್ಳುವವರದು. 2001ರಲ್ಲಿ ಹದಿನೈದರ ಹುಡುಗ ಪಕ್ಕದ ಮನೆಯ ಡಾಕ್ಟರ ಪಾಲಿಯೊವನ್ನು ಕಣ್ಣರಳಿಸಿ ನೋಡಿದ್ದ. ಈಗ ಅವನಿಗೆ ನಲವತ್ತರ ಆಸುಪಾಸು, ಕೈಯಲ್ಲಿ ಸಂಬಳ ಇದೆ. ಅಮೆರಿಕದಲ್ಲಿ ಇದಕ್ಕೆ ಕಾನೂನೂ ಸೇರಿಕೊಂಡಿತು. ಅಲ್ಲಿ 25 ವರ್ಷ ತುಂಬಿದ ವಿದೇಶಿ ಕಾರನ್ನು ಸುರಕ್ಷತಾ ನಿಯಮಗಳ ಗೊಡವೆಯಿಲ್ಲದೆ ಆಮದು ಮಾಡಿಕೊಳ್ಳಬಹುದು. ಜಪಾನಿನ ನಿಸ್ಸಾನ್ ಸ್ಕೈಲೈನ್ ಜಿಟಿಆರ್ 2014ರಲ್ಲಿ ಆ ವಯಸ್ಸು ತಲುಪುತ್ತಿದ್ದಂತೆ ಅದರ ಬೆಲೆ ಜಪಾನಿನಲ್ಲೇ ಏರತೊಡಗಿತು.

ಎರಡನೆಯದು, ಉಳಿದವು ಕಡಿಮೆ. ಜೋರು ಕಾರುಗಳನ್ನು ಜನ ಜೋರಾಗಿಯೇ ಓಡಿಸಿ ಗುದ್ದಿಸಿದ್ದಾರೆ, ಕೊಂಡವರು ಮಾರ್ಪಾಡು ಮಾಡಿ ಕೆಡಿಸಿದ್ದಾರೆ. ದೆಹಲಿ ಸುತ್ತಿನಲ್ಲಿ 15 ವರ್ಷ ದಾಟಿದ ಪೆಟ್ರೋಲ್, 10 ವರ್ಷ ದಾಟಿದ ಡೀಸೆಲ್ ಗಾಡಿ ಓಡಿಸಬಾರದೆಂಬ ನಿಯಮವನ್ನು 2018ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಅದರಿಂದ ಎಷ್ಟೋ ಒಳ್ಳೆಯ ಗಾಡಿಗಳು ಗುಜರಿ ಸೇರಿದವು, ಇನ್ನಷ್ಟು ಆರ್‌ಟಿಒದ ನಿರಾಕ್ಷೇಪಣಾ ಪತ್ರ (ಎನ್‌ಒಸಿ) ಹಿಡಿದು ನಮ್ಮ ಕಡೆ ಬಂದವು.

ಮೂರನೆಯದು ಹೊಸ ಕಾರುಗಳ ಬೆಲೆ. 2017ರಲ್ಲಿ ಆಕ್ಟೇವಿಯಾ ಆರ್‌ಎಸ್ ಹೊಸ ರೂಪದಲ್ಲಿ ಮತ್ತೆ ಬಂದಾಗ ₹25 ಲಕ್ಷದೊಳಗಿತ್ತು. 2025ರಲ್ಲಿ ಅದೇ ಹೆಸರಿನ ಕಾರು ₹49.99 ಲಕ್ಷಕ್ಕೆ ಬಂತು, ಅದೂ 100 ಮಾತ್ರ. ಹೊಸದರ ಬೆಲೆ ಅಷ್ಟು ಮೇಲೆ ಹೋದಾಗ ಹಳೆಯದನ್ನು ಇಟ್ಟುಕೊಂಡವನೂ ತನ್ನ ಕಾರಿನತ್ತ ಇನ್ನೊಮ್ಮೆ ತಿರುಗಿ ನೋಡುತ್ತಾನೆ. ಕೈಯಲ್ಲೇ ಗೇರ್ ಹಾಕುವ ಹಗುರ ಪೆಟ್ರೋಲ್ ಕಾರುಗಳೇ ಕಡಿಮೆಯಾಗುತ್ತಿವೆ ಎಂಬುದು ಇದಕ್ಕೆ ಸೇರಿಕೊಂಡಿದೆ.

ಏರಿದ್ದು ಏರಿಕೊಂಡೇ ಹೋಗುತ್ತದೆ ಎಂದೇನೂ ಇಲ್ಲ. 1980ರ ದಶಕದ ಕೊನೆಯಲ್ಲಿ ಫೆರಾರಿಗಳ ಬೆಲೆ ಹುಚ್ಚೆದ್ದು ಏರಿತ್ತು. 1990ರ ನಂತರ ಅಷ್ಟೇ ಬೇಗ ಕುಸಿಯಿತು. ಏರುವಾಗ ಹೆಸರಿಗೆ ದುಡ್ಡು ಬರುತ್ತದೆ, ಇಳಿಯುವಾಗ ಸ್ಥಿತಿಗೆ ಮಾತ್ರ.

ಹೇಳುವ ಬೆಲೆ ಬೇರೆ, ಕೈಬದಲಾದ ಬೆಲೆ ಬೇರೆ

ಜಾಹೀರಾತಿನಲ್ಲಿ ಕಾಣುವುದು ಮಾರುವವನ ಆಸೆ. ವ್ಯವಹಾರ ಮುಗಿದ ಬೆಲೆಯನ್ನು ನಮ್ಮಲ್ಲಿ ಯಾರೂ ಬಹಿರಂಗವಾಗಿ ಹೇಳುವುದಿಲ್ಲ. ಅಮೆರಿಕ, ಯುರೋಪಿನಲ್ಲಿ ಹರಾಜಿನ ಫಲಿತಾಂಶ ಎಲ್ಲರಿಗೂ ಸಿಗುತ್ತದೆ. ಹ್ಯಾಗರ್ಟಿಯಂಥ ವಿಮಾ ಸಂಸ್ಥೆ ಒಂದೊಂದು ಮಾಡೆಲ್‌ಗೂ ನಾಲ್ಕು ದರ್ಜೆಯ ಬೆಲೆ ಪ್ರಕಟಿಸುತ್ತದೆ. ಒಂದನೆಯದು ಪ್ರದರ್ಶನಕ್ಕಿಡುವಷ್ಟು ನಿಷ್ಕಳಂಕ, ಎರಡನೆಯದು ಹತ್ತಿರದಿಂದ ನೋಡಿದರಷ್ಟೇ ಕುಂದು ಕಾಣುವಂಥದ್ದು, ಮೂರನೆಯದು ಸುಖವಾಗಿ ಓಡಿಸಬಲ್ಲದ್ದು, ನಾಲ್ಕನೆಯದು ಓಡುತ್ತದೆ ಆದರೆ ಕೆಲಸ ಬೇಕು. ಒಂದೇ ಕಾರಿನ ಒಂದನೆಯ ಮತ್ತು ನಾಲ್ಕನೆಯ ದರ್ಜೆಯ ನಡುವೆ ಹಲವು ಪಟ್ಟು ವ್ಯತ್ಯಾಸ ಇರುವುದುಂಟು.

ನಮ್ಮ ಪಟ್ಟಿಯನ್ನು ನಾವೇ ಬರೆದುಕೊಳ್ಳಬೇಕು. ಬೇಕಾದ ಮಾಡೆಲ್‌ನ ಜಾಹೀರಾತು ಕಂಡಾಗಲೆಲ್ಲ ದಿನಾಂಕ, ಊರು, ಎಷ್ಟನೇ ಓನರ್, ಕಿಲೋಮೀಟರ್, ಕೇಳಿದ ಬೆಲೆ ಬರೆದಿಟ್ಟುಕೊಳ್ಳಿ. ಎರಡು ತಿಂಗಳ ನಂತರ ಅದೇ ಜಾಹೀರಾತು ಕಡಿಮೆ ಬೆಲೆಗೆ ಮತ್ತೆ ಬಂದರೆ ಮೊದಲ ಅಂಕಿ ಸುಳ್ಳು ಎಂದಾಯಿತು. ವಾರದಲ್ಲಿ ಮಾಯವಾದರೆ ಅದು ಪೇಟೆ ಒಪ್ಪುವ ದರದ ಹತ್ತಿರ ಇತ್ತು ಎಂದರ್ಥ. ಆ ಮಾಡೆಲ್‌ನ್ನೇ ರಿಪೇರಿ ಮಾಡುವ ಮೆಕ್ಯಾನಿಕ್‌ಗೆ ಯಾವ ಗಾಡಿ ಯಾರ ಕೈಗೆ ಎಷ್ಟಕ್ಕೆ ಹೋಯಿತು ಎನ್ನುವುದು ಗೊತ್ತಿರುತ್ತದೆ. ಒಂದು ಸರ್ವಿಸ್ ಮಾಡಿಸಿ ಮಾತಿಗೆ ಕೂತರೆ ಹೇಳುತ್ತಾನೆ.

ಮೇಲಿನಿಂದ ಕೆಳಗಿಳಿಯುವ ಲೆಕ್ಕ

ಹೆಚ್ಚಿನವರು ಕೆಳಗಿನಿಂದ ಹೊರಡುತ್ತಾರೆ. "ಇಪ್ಪತ್ತು ವರ್ಷದ ಕಾರು, ಹೆಚ್ಚೆಂದರೆ ಇಷ್ಟು" ಎಂದು ಶುರುಮಾಡಿ ಚೌಕಾಸಿಯಲ್ಲಿ ಮೇಲೇರುತ್ತಾರೆ. ಕ್ಲಾಸಿಕ್‌ಗೆ ಈ ದಾರಿ ತಿರುವುಮುರುವು. ಆ ಮಾಡೆಲ್‌ನಲ್ಲಿ ಸಿಗಬಹುದಾದ ಅತ್ಯುತ್ತಮ ಗಾಡಿಗೆ ಎಷ್ಟು ಎಂದು ಮೊದಲು ತಿಳಿಯಬೇಕು, ಎದುರಿಗಿರುವ ಗಾಡಿಯನ್ನು ಆ ಮಟ್ಟಕ್ಕೆ ತರಲು ತಗಲುವ ಖರ್ಚನ್ನು ಅದರಿಂದ ಕಳೆಯಬೇಕು.

ಲೆಕ್ಕಕ್ಕೆ ಇಟ್ಟುಕೊಂಡ ಅಂಕಿಗಳು, ಪೇಟೆಯ ದರವಲ್ಲ: ಒಂದು ಮಾಡೆಲ್‌ನ ಒಳ್ಳೆಯ ಗಾಡಿ ₹9 ಲಕ್ಷಕ್ಕೆ ಹೋಗುತ್ತಿದೆ ಎನ್ನೋಣ. ನಿಮ್ಮೆದುರಿನ ಗಾಡಿಗೆ ₹7.5 ಲಕ್ಷ ಕೇಳುತ್ತಿದ್ದಾರೆ. ಅರ್ಧ ಬಾಡಿಗೆ ಟಿಂಕರಿಂಗ್-ಪೇಂಟಿಂಗ್ ₹90,000, ಸಸ್ಪೆನ್ಷನ್ ಪೂರ್ತಿ ₹70,000, ಟರ್ಬೊ ಮತ್ತು ಎಂಜಿನ್ ಕೆಲಸ ₹1.2 ಲಕ್ಷ, ಟೈರು ₹30,000, ಕಂಪನಿಯ ಮೂಲ ಅಲಾಯ್ ಚಕ್ರಗಳು ಇಲ್ಲದಿರುವುದಕ್ಕೆ ₹60,000, ಆರ್‌ಸಿ ನವೀಕರಣ ಮತ್ತು ಓಡಾಟ ₹15,000. ಒಟ್ಟು ₹3.85 ಲಕ್ಷ. ಒಂಬತ್ತರಲ್ಲಿ ಕಳೆದರೆ ₹5.15 ಲಕ್ಷ. ಬಿಚ್ಚಿದ ಮೇಲೆ ಹೊಸದೇನಾದರೂ ಹೊರಬಂದೇ ಬರುತ್ತದೆ, ಅದಕ್ಕೆ ₹50,000. ಉಳಿದದ್ದು ₹4.65 ಲಕ್ಷ. ಒಳ್ಳೆಯದಕ್ಕಿಂತ ಒಂದೂವರೆ ಲಕ್ಷ ಕಡಿಮೆಗೆ ಸಿಗುತ್ತಿದೆ ಎಂದು ಖುಷಿಪಟ್ಟ ಗಾಡಿ ನಿಜಕ್ಕೂ ₹2.85 ಲಕ್ಷ ದುಬಾರಿ.

ಏರುವ ಪೇಟೆಯಲ್ಲಿ ಕೈಸುಡುವುದು ಇಲ್ಲೇ. ಒಂದು ಒಳ್ಳೆಯ ಗಾಡಿ ದೊಡ್ಡ ಮೊತ್ತಕ್ಕೆ ಹೋದ ಸುದ್ದಿ ಹರಡಿದ ತಕ್ಷಣ ಅದೇ ಹೆಸರಿನ ಎಲ್ಲ ಗಾಡಿಗಳ ಮೇಲೂ ಆ ಅಂಕಿ ಬಂದು ಕೂರುತ್ತದೆ. ನನ್ನ ಮಟ್ಟಿಗೆ, ಅತ್ಯುತ್ತಮ ಗಾಡಿಗೆ ಹತ್ತು ಪರ್ಸೆಂಟ್ ಹೆಚ್ಚು ಕೊಟ್ಟವನಿಗಿಂತ ಮೂರನೇ ದರ್ಜೆಯ ಗಾಡಿಯನ್ನು 'ಅಗ್ಗಕ್ಕೆ' ತಂದವನೇ ಹೆಚ್ಚು ಕಳೆದುಕೊಳ್ಳುತ್ತಾನೆ. ರಿಪೇರಿಗೆ ಹಾಕಿದ ದುಡ್ಡು ಮಾರುವಾಗ ಪೂರ್ತಿ ತಿರುಗಿ ಬರುವುದು ಅಪರೂಪ.

ಕೆಲವು ಕುಂದುಗಳನ್ನು ರೂಪಾಯಿಯಲ್ಲಿ ಕಳೆಯಲಾಗುವುದಿಲ್ಲ. ಚಾಸಿ ಬಾಗಿದ ಅಪಘಾತ, ನೆರೆನೀರು ಹೊಕ್ಕಿದ್ದು, ಆರ್‌ಸಿಗೆ ಹೊಂದದ ಎಂಜಿನ್ ನಂಬರ್, ಇವು ಗಾಡಿಯನ್ನು ಆ ಪಟ್ಟಿಯಿಂದಲೇ ಹೊರಗೆ ಹಾಕುತ್ತವೆ.

ಗಾಡಿಯ ಹತ್ತಿರ ನಿಂತಾಗ

ಹೋದ ಕೂಡಲೇ ಬಾನೆಟ್ ಮೇಲೆ ಕೈಯಿಡಿ. ಬಿಸಿಯಾಗಿದ್ದರೆ ನೀವು ಬರುವ ಮುಂಚೆಯೇ ಸ್ಟಾರ್ಟ್ ಮಾಡಿದ್ದಾರೆ. ಬೇಜಾರು ಮಾಡಿಕೊಳ್ಳದೆ ಇನ್ನೊಂದು ದಿನ ಬೆಳಿಗ್ಗೆ ಬರುತ್ತೇನೆಂದು ಹೇಳಿ. ತಣ್ಣಗಿರುವ ಎಂಜಿನ್ ಮೊದಲ ಸಲ ಸ್ಟಾರ್ಟ್ ಆಗುವಾಗ ಹೇಳುವ ಸತ್ಯ ಆಮೇಲೆ ಹೇಳುವುದಿಲ್ಲ. ಸ್ವಲ್ಪ ಹೊತ್ತು ಐಡ್ಲಿಂಗ್‌ನಲ್ಲಿ ಬಿಟ್ಟು ಆಕ್ಸಿಲರೇಟರ್ ತುಳಿದಾಗ ನೀಲಿ ಹೊಗೆ ಒಮ್ಮೆ ಬಂದು ನಿಂತರೆ ವಾಲ್ವ್ ಸೀಲು ಸವೆದಿರಬಹುದು. ಎಳೆಯುವಾಗೆಲ್ಲ ನೀಲಿ ಹೊಗೆ ಬಂದರೆ ಪಿಸ್ಟನ್ ರಿಂಗ್ ಅಥವಾ ಟರ್ಬೊ. ಎಂಜಿನ್ ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದಿದ್ದರೆ, ಅದಕ್ಕೆ ಸಿಹಿ ವಾಸನೆಯೂ ಇದ್ದರೆ, ಕೂಲೆಂಟ್ ಸಿಲಿಂಡರಿಗೆ ಸೋರುತ್ತಿದೆ. ಮೆಕ್ಯಾನಿಕ್ ಜೊತೆಗಿದ್ದರೆ ಸಿಲಿಂಡರಿನೊಳಗಿನ ಒತ್ತಡ ಅಳೆಯುವ ಕಂಪ್ರೆಷನ್ ಟೆಸ್ಟ್ ಮಾಡಿಸಿ. ಅಂಕಿ ಎಷ್ಟಿದೆ ಎನ್ನುವಷ್ಟೇ ನಾಲ್ಕೂ ಸಿಲಿಂಡರ್ ಒಂದೇ ಸಮ ಇವೆಯೇ ಎನ್ನುವುದೂ ಮುಖ್ಯ, ಹತ್ತು ಪರ್ಸೆಂಟ್‌ಗಿಂತ ಹೆಚ್ಚು ವ್ಯತ್ಯಾಸ ಒಳ್ಳೆಯದಲ್ಲ.

ಇನ್ನು ನೀರು. 2005ರ ಜುಲೈ 26ರಂದು ಮುಂಬೈಯ ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿಯಿತು. ಇಂದು ಹುಡುಕುವ ವಿಟೆಕ್, ಪಾಲಿಯೊಗಳು ಆಗ ಹೊಸ ಗಾಡಿಗಳು. ಕಲೀನಾ, ಕುರ್ಲಾ ಕಡೆ ಎಷ್ಟೋ ಗಾಡಿಗಳು ಸೀಟಿನ ಮಟ್ಟಕ್ಕೆ ಮುಳುಗಿದ್ದವು. ಪುಣೆಯಲ್ಲೂ 2019ರ ಸೆಪ್ಟೆಂಬರ್ 25ರ ರಾತ್ರಿ ಆಂಬಿಲ್ ಓಢಾ ಎಂಬ ಹಳ್ಳ ಉಕ್ಕಿ ವಾಹನಗಳು ಕೊಚ್ಚಿಹೋದವು. ಅಂಥ ಗಾಡಿಯನ್ನು ತೊಳೆದು, ಸೀಟಿನ ಬಟ್ಟೆ ಬದಲಿಸಿ, ಪಾಲಿಶ್ ಮಾಡಿ ನಿಲ್ಲಿಸಿದರೆ ಫೋಟೊದಲ್ಲಿ ಗೊತ್ತಾಗುವುದಿಲ್ಲ. ಸೀಟ್ ಬೆಲ್ಟನ್ನು ಕೊನೆಯವರೆಗೆ ಎಳೆಯಿರಿ. ಸುರುಳಿಯ ಒಳಗಿದ್ದ ಕೊನೆಯ ಗೇಣು ಎಂದೂ ಹೊರಗೆ ಬಂದಿರುವುದಿಲ್ಲ, ತೊಳೆಯುವವನ ಕೈಗೂ ಸಿಕ್ಕಿರುವುದಿಲ್ಲ. ಅಲ್ಲಿ ಮಣ್ಣಿನ ಬಣ್ಣದ ಅಡ್ಡಗೆರೆ ಇದ್ದರೆ ನೀರು ಎಲ್ಲಿವರೆಗೆ ನಿಂತಿತ್ತು ಎಂದು ಅದೇ ಹೇಳುತ್ತದೆ. ಸೀಟಿನ ಕೆಳಗಿನ ಹಳಿಯ ಬೋಲ್ಟುಗಳಲ್ಲಿ ತುಕ್ಕು, ಡ್ಯಾಶ್‌ಬೋರ್ಡ್ ಅಡಿಯ ವೈರಿಂಗ್ ಕಪ್ಲರ್‌ಗಳಲ್ಲಿ ಹಸಿರು ಪುಡಿ ಕಂಡರೆ ಅನುಮಾನ ಗಟ್ಟಿಮಾಡಿಕೊಳ್ಳಿ.

ಗೋವಾ, ಮುಂಬೈಯ ಕಡಲಗಾಳಿ ತಿಂದ ಗಾಡಿಯ ಕಥೆ ಬೇರೆ. ಅಲ್ಲಿ ತುಕ್ಕು ಒಳಗಿನಿಂದ ಬರುತ್ತದೆ. ಬಾಗಿಲ ಕೆಳಗಿನ ಸಿಲ್, ಚಕ್ರದ ಮೇಲಿನ ಕಮಾನು, ಬ್ಯಾಟರಿ ಟ್ರೇ, ಮುಂದಿನ ಶಾಕ್ ಅಬ್ಸಾರ್ಬರ್ ಮೇಲ್ತುದಿ ಕೂರುವ ಜಾಗ, ಇವನ್ನು ಬೆರಳಿನಿಂದ ಒತ್ತಿ ನೋಡಿ. ಶಾಕ್ ಅಬ್ಸಾರ್ಬರ್ ಜಾಗ ಮೆತ್ತಗಿದ್ದರೆ ಅಲ್ಲಿಂದ ಹೊರಟುಬಿಡಿ. ಪೇಂಟ್ ದಪ್ಪ ಅಳೆಯುವ ಮೀಟರ್ ಈಗ ಅಗ್ಗ. ಕಂಪನಿಯ ಬಣ್ಣ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್ ಸುತ್ತ ಇರುತ್ತದೆ. ಒಂದೆಡೆ 120, ಪಕ್ಕದಲ್ಲೇ 600 ತೋರಿಸಿದರೆ ಅಡಿಯಲ್ಲಿ ಪುಟ್ಟಿ ಇದೆ.

ಗಾಜುಗಳ ಮೂಲೆಯಲ್ಲಿ ತಯಾರಿಕೆಯ ಗುರುತು ಇರುತ್ತದೆ. ಐದು ಗಾಜು ಒಂದೇ ಕಾಲದವಾಗಿ ಒಂದು ಮಾತ್ರ ಹೊಸದಾದರೆ ಆ ಬದಿಗೆ ಏನಾಗಿತ್ತು ಎಂದು ಕೇಳಿ. ಟೈರಿನ ಮೇಲೆ ನಾಲ್ಕು ಅಂಕಿ ಇರುತ್ತದೆ, 2319 ಎಂದರೆ 2019ರ 23ನೇ ವಾರ ತಯಾರಾದದ್ದು. ಮೀಟರಿನಲ್ಲಿ 40,000 ಕಿಲೋಮೀಟರ್ ತೋರಿಸುವ, ಪೆಡಲ್ ರಬ್ಬರ್ ಸವೆದು ಬೋಳಾದ ಗಾಡಿಯ ಬಗ್ಗೆ ನಾನೇನೂ ಹೇಳಬೇಕಿಲ್ಲ.

ಮಾರ್ಪಾಡು ಈ ಬಗೆಯ ಕಾರಿನ ಹುಟ್ಟುರೋಗ. ಎಂಜಿನ್‌ನ ಕಂಪ್ಯೂಟರ್‌ಗೆ ರೀಮ್ಯಾಪ್ (ಶಕ್ತಿ ಹೆಚ್ಚಿಸಲು ಅದರ ಪ್ರೋಗ್ರಾಂ ಬದಲಿಸುವುದು), ಗದ್ದಲದ ಸೈಲೆನ್ಸರ್, ಗಾಡಿ ತಗ್ಗಿಸುವ ಸ್ಪ್ರಿಂಗು. ಮಾರುವ ಮುಂಚೆ ಇವನ್ನು ತೆಗೆದು ಹಳೆಯದನ್ನು ಹಾಕಿರುತ್ತಾರೆ, ಆದರೆ ಬಿಚ್ಚಿ ಸವೆದ ಬೋಲ್ಟಿನ ತಲೆ ಹಾಗೇ ಉಳಿದಿರುತ್ತದೆ. ಮೂಲ ಭಾಗಗಳನ್ನು ಡಬ್ಬದಲ್ಲಿ ಜೋಪಾನವಾಗಿಟ್ಟು ಕೊಡುವ ಓನರ್ ಸಿಕ್ಕರೆ ಚೌಕಾಸಿ ಸ್ವಲ್ಪ ಕಡಿಮೆ ಮಾಡಿ, ಆ ಡಬ್ಬಕ್ಕೇ ಬೆಲೆ ಇದೆ.

ಕಾಗದದ ಕೆಲಸ

ಊರಲ್ಲಿ ಸೈಟು ಕೊಳ್ಳುವಾಗ ಖಾತೆ, ಇಸಿ ನೋಡದೆ ಯಾರೂ ಮುಂಗಡ ಕೊಡುವುದಿಲ್ಲ. ಹಳೆಯ ಕಾರಿಗೂ ಅದೇ ಕ್ರಮ. ಆರ್‌ಸಿಯಲ್ಲಿರುವ ಚಾಸಿ ನಂಬರ್, ಎಂಜಿನ್ ನಂಬರ್‌ಗಳನ್ನು ಗಾಡಿಯ ಮೇಲೆ ಕೊರೆದಿರುವುದರ ಜೊತೆ ಅಕ್ಷರ ಅಕ್ಷರವಾಗಿ ಹೋಲಿಸಿ. ಸಾಲದ ನಮೂದು, ವಿಮೆಯ ಅವಧಿ, ನೋಂದಣಿ ಎಲ್ಲಿವರೆಗೆ ಎಂಬುದು ಪರಿವಾಹನ್ ಪೋರ್ಟಲ್‌ನಲ್ಲೇ ಕಾಣುತ್ತದೆ. ಬಾಕಿ ಚಲನ್‌ಗಳನ್ನೂ ಅಲ್ಲೇ ನೋಡಿ.

ಹದಿನೈದು ವರ್ಷಕ್ಕೆ ಗಾಡಿ ಮುಗಿಯಿತು ಎಂದು ಹಲವರು ನಂಬಿದ್ದಾರೆ. ಮಹಾರಾಷ್ಟ್ರ, ಗೋವಾ, ಕರ್ನಾಟಕಗಳಲ್ಲಿ ಖಾಸಗಿ ಕಾರಿಗೆ ಹಾಗಿಲ್ಲ. 15 ವರ್ಷದ ನೋಂದಣಿ ಮುಗಿದ ಮೇಲೆ ತಪಾಸಣೆಯಲ್ಲಿ ಪಾಸಾದರೆ ಐದೈದು ವರ್ಷಕ್ಕೆ ನವೀಕರಣ ಸಿಗುತ್ತದೆ. ಶುಲ್ಕ ಮಾತ್ರ ಏರಿದೆ. 2022ರ ಏಪ್ರಿಲ್‌ನಲ್ಲಿ ಅದು ₹600ರಿಂದ ₹5,000ಕ್ಕೆ ಜಿಗಿಯಿತು. 2025ರ ಆಗಸ್ಟ್‌ನಲ್ಲಿ 20 ವರ್ಷ ದಾಟಿದ ಕಾರುಗಳಿಗೆ ₹10,000 ಆಯಿತು, ವಿದೇಶದಿಂದ ತರಿಸಿದ ಕಾರಾದರೆ ₹80,000. ಮಹಾರಾಷ್ಟ್ರದಲ್ಲಿ ಇದರ ಮೇಲೆ ಪರಿಸರ ತೆರಿಗೆಯೂ ಇದೆ. 2019ರ ಏಪ್ರಿಲ್‌ಗೆ ಮೊದಲು ನೋಂದಣಿಯಾದ ಗಾಡಿಗೆ ಹೈ ಸೆಕ್ಯುರಿಟಿ ನಂಬರ್ ಪ್ಲೇಟ್ ಹಾಕಿಸಲೇಬೇಕು. ಹಳೆಯ ಕಪ್ಪುಬಿಳುಪು ಪ್ಲೇಟಿನ ಮೋಹ ಇರುವವರು ಅದನ್ನು ಮನೆಯ ಗೋಡೆಗೆ ಹಾಕಿಕೊಳ್ಳಬೇಕು.

ಬೇರೆ ರಾಜ್ಯದ ಗಾಡಿಯಾದರೆ ಮೂಲ ಆರ್‌ಟಿಒದಿಂದ ಎನ್‌ಒಸಿ ಬೇಕು, ಇಲ್ಲಿ ಹೊಸದಾಗಿ ತೆರಿಗೆ ಕಟ್ಟಬೇಕು. ಪುಣೆಯಲ್ಲಿ ಕೊಂಡು ಊರಿಗೆ ಒಯ್ಯುವ ಯೋಚನೆ ಇದ್ದವರು ಇದನ್ನೇ ತಿರುಗಿಸಿ ಓದಿಕೊಳ್ಳಬೇಕು. ಒಂದು ರಾಜ್ಯದ ಗಾಡಿ ಇನ್ನೊಂದರಲ್ಲಿ 12 ತಿಂಗಳಿಗಿಂತ ಹೆಚ್ಚು ಇದ್ದರೆ ಅಲ್ಲಿ ಮರುನೋಂದಣಿ ಕಡ್ಡಾಯ, ಕರ್ನಾಟಕದ ಆಜೀವ ತೆರಿಗೆ ಹಗುರವೇನಲ್ಲ. ಎಂಜಿನ್ ಬದಲಾಗಿದ್ದರೆ ಅದು ಆರ್‌ಸಿಯಲ್ಲಿ ದಾಖಲಾಗಿರಬೇಕು. "ಅದೇ ಕಂಪನಿ ಎಂಜಿನ್ನೇ ಸರ್, ಏನೂ ಆಗಲ್ಲ" ಎನ್ನುವವರ ಮಾತು ತಪಾಸಣೆಯ ದಿನ ಉಪಯೋಗಕ್ಕೆ ಬರುವುದಿಲ್ಲ.

ವಿಮೆಯಲ್ಲಿರುವ ಗುಂಡಿ

ವಿಮಾ ಕಂಪನಿ ಕಾರಿಗೆ ಕಟ್ಟುವ ಬೆಲೆಯನ್ನು ಐಡಿವಿ ಎನ್ನುತ್ತಾರೆ. ಗಾಡಿ ಕಳವಾದರೆ, ಪೂರ್ತಿ ಜಖಂ ಆದರೆ ಕೈಗೆ ಬರುವುದು ಹೆಚ್ಚೆಂದರೆ ಅಷ್ಟೇ. ಹೊಸ ಬೆಲೆಯಿಂದ ವರ್ಷವರ್ಷ ಸವಕಳಿ ಕಳೆಯುತ್ತ ಐದನೇ ವರ್ಷಕ್ಕೆ ಅರ್ಧಕ್ಕೆ ಇಳಿಸುತ್ತಾರೆ, ಅಲ್ಲಿಂದ ಮುಂದೆ ಎರಡೂ ಕಡೆಯವರು ಒಪ್ಪಿದ ಮೊತ್ತ. ಕಾಗದದಲ್ಲಿ ಇದು ಚಂದ. ಆದರೆ ಕಂಪ್ಯೂಟರ್‌ ತಾನಾಗಿ ತೋರಿಸುವ ಅಂಕಿಯನ್ನೇ ಒಪ್ಪಿಕೊಂಡರೆ ಏಳೆಂಟು ಲಕ್ಷ ಕೊಟ್ಟು ತಂದ ಗಾಡಿಗೆ ಎರಡು ಲಕ್ಷದ ಐಡಿವಿ ಬೀಳುವುದುಂಟು.

ಅದರ ಪರಿಣಾಮ ನೋಡಿ. ರಿಪೇರಿ ಖರ್ಚು ಐಡಿವಿಯ 75 ಪರ್ಸೆಂಟ್ ದಾಟಿದರೆ ಗಾಡಿಯನ್ನು ಪೂರ್ತಿ ನಷ್ಟ ಎಂದು ಪರಿಗಣಿಸುತ್ತಾರೆ. ಎರಡು ಲಕ್ಷದ ಐಡಿವಿಗೆ ಆ ಗೆರೆ ₹1.5 ಲಕ್ಷ. ಖಂಬಾಟ್ಕಿ ಘಾಟಿನಲ್ಲಿ ಮುಂದಿನ ಟ್ರಕ್‌ಗೆ ತಾಗಿ ಬಂಪರ್, ಬಾನೆಟ್, ಹೆಡ್‌ಲೈಟ್, ರೇಡಿಯೇಟರ್ ಹೋದರೆ ಸಾಕು, ಸರಿಮಾಡಬಹುದಾದ ಅಪರೂಪದ ಗಾಡಿ ಕಾಗದದಲ್ಲಿ ಗುಜರಿಯಾಗುತ್ತದೆ. ಪಾಲಿಸಿ ತೆಗೆದುಕೊಳ್ಳುವ ಮೊದಲೇ ಪರವಾನಗಿ ಇರುವ ಸರ್ವೇಯರ್‌ ಒಬ್ಬರಿಂದ ಮೌಲ್ಯಮಾಪನ ಮಾಡಿಸಿ. ಫೋಟೊ, ರಿಪೇರಿ ಬಿಲ್ಲುಗಳ ಸಮೇತ ಹೆಚ್ಚಿನ ಐಡಿವಿಗೆ ಲಿಖಿತವಾಗಿ ಕೇಳಿ. ಒಂದು ಕಂಪನಿ ಒಪ್ಪದಿದ್ದರೆ ಇನ್ನೊಂದು.

ಇಟ್ಟುಕೊಳ್ಳುವ ಖರ್ಚು

"ಹೂಡಿಕೆ ಅಂತ ತಗೊಂಡೆ" ಎಂಬ ಮಾತನ್ನು ಒಮ್ಮೆ ಕೂಡಿಸಿ ಕಳೆದು ನೋಡೋಣ. ₹8 ಲಕ್ಷಕ್ಕೆ ಕೊಂಡು ಐದು ವರ್ಷದ ನಂತರ ₹11 ಲಕ್ಷಕ್ಕೆ ಮಾರಿದಿರಿ. ಲಾಭ ₹3 ಲಕ್ಷ. ಆ ಐದು ವರ್ಷ ಪ್ರತಿವರ್ಷ ವಿಮೆ ₹15,000, ಮುಚ್ಚಿದ ಪಾರ್ಕಿಂಗಿಗೆ ತಿಂಗಳಿಗೆ ₹2,000ದಂತೆ ₹24,000, ಸರ್ವಿಸ್ ಮತ್ತು ಭಾಗಗಳು ₹40,000. ಒಟ್ಟು ₹3.95 ಲಕ್ಷ. ಬೆಲೆ ಮೂರು ಲಕ್ಷ ಏರಿದರೂ ಕೈಯಿಂದ ಹೋದದ್ದು ಸುಮಾರು ಒಂದು ಲಕ್ಷ, ಎಂಟು ಲಕ್ಷವನ್ನು ಬ್ಯಾಂಕಿನಲ್ಲಿ ಇಟ್ಟಿದ್ದರೆ ಬರುತ್ತಿದ್ದ ಬಡ್ಡಿ ಬಿಟ್ಟು. ಐದು ವರ್ಷ ಇಷ್ಟದ ಗಾಡಿ ಓಡಿಸಿದ್ದಕ್ಕೆ ವರ್ಷಕ್ಕೆ ಇಪ್ಪತ್ತು ಸಾವಿರ ಎಂದರೆ ಅಗ್ಗವೇ. ಹೂಡಿಕೆ ಎಂದರೆ ಮಾತ್ರ ಲೆಕ್ಕ ಕೂಡುವುದಿಲ್ಲ.

ಭಾಗಗಳು ಸಿಗುವುದೂ ಬೆಲೆಯ ಒಂದು ಪಾಲು. ಫಿಯೆಟ್ 2019ರಲ್ಲಿ ಇಲ್ಲಿ ಕಾರು ಮಾಡುವುದನ್ನೇ ನಿಲ್ಲಿಸಿತು. ಕ್ಲಚ್, ಬುಷ್, ಫಿಲ್ಟರ್ ಪುಣೆಯ ನಾನಾ ಪೇಠ್‌ನಲ್ಲೋ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲೋ ಸಿಗುತ್ತವೆ, ಆದರೆ ಅಬಾರ್ತ್‌ನ ಬಂಪರು, ಬ್ಯಾಡ್ಜು, ಸೀಟಿನ ಬಟ್ಟೆ ಹುಡುಕಲು ತಿಂಗಳುಗಳೇ ಬೇಕು. ಕೊಳ್ಳುವ ಮುಂಚೆ ಆ ಮಾಡೆಲ್‌ನ ಹೆಡ್‌ಲೈಟ್, ಮುಂದಿನ ಗಾಜು, ಗೇರ್‌ಬಾಕ್ಸ್ ಭಾಗ ಈ ಮೂರಕ್ಕೆ ಅಂಗಡಿಯಲ್ಲಿ ವಿಚಾರಿಸಿ. ಮೂರೂ ಇಲ್ಲ ಎಂದರೆ ಬೆಲೆ ಎಷ್ಟೇ ಏರುತ್ತಿರಲಿ, ಆ ಗಾಡಿ ಒಂದು ಕಲ್ಲೇಟಿನಿಂದ ತಿಂಗಳುಗಟ್ಟಲೆ ಮೂಲೆಗೆ ಸೇರುತ್ತದೆ. ಈಗ ಬಂಕುಗಳಲ್ಲಿ ಬರುವುದು 20 ಪರ್ಸೆಂಟ್ ಎಥೆನಾಲ್ ಬೆರೆತ ಪೆಟ್ರೋಲ್. ಎಥೆನಾಲ್ ನೀರು ಹೀರುತ್ತದೆ, ಹಳೆಯ ರಬ್ಬರ್ ಪೈಪು, ಗ್ಯಾಸ್ಕೆಟ್‌ಗಳನ್ನು ಬೇಗ ಸವೆಸುತ್ತದೆ. ತಂದ ಗಾಡಿಯ ಇಂಧನದ ಪೈಪುಗಳನ್ನು ಮೊದಲ ಸರ್ವಿಸ್‌ನಲ್ಲೇ ಬದಲಿಸಿ, ತಿಂಗಳುಗಟ್ಟಲೆ ನಿಲ್ಲಿಸಬೇಡಿ.

ತೆರಿಗೆಯ ವಿಷಯದಲ್ಲಿ ಒಂದು ಸಮಾಧಾನ ಇದೆ. ಸ್ವಂತ ಬಳಕೆಯ ಕಾರನ್ನು ಆದಾಯ ತೆರಿಗೆ ಕಾನೂನು ಬಂಡವಾಳ ಆಸ್ತಿ ಎಂದು ನೋಡುವುದಿಲ್ಲ, ಹಾಗಾಗಿ ಮಾರಿ ಬಂದ ಲಾಭಕ್ಕೆ ಬಂಡವಾಳ ಲಾಭದ ತೆರಿಗೆ ಇಲ್ಲ, ನಷ್ಟವನ್ನೂ ತೋರಿಸುವಂತಿಲ್ಲ. ಮೇಲಿಂದ ಮೇಲೆ ಕೊಂಡು ಮಾರುತ್ತಿದ್ದರೆ ಅದು ವ್ಯಾಪಾರ, ನಿಯಮ ಬೇರೆ. ಜಿಎಸ್‌ಟಿ ನೋಂದಣಿ ಇರುವ ಡೀಲರ್ ತನ್ನ ಲಾಭದ ಪಾಲಿನ ಮೇಲೆ 18 ಪರ್ಸೆಂಟ್ ತೆರಿಗೆ ಕಟ್ಟಬೇಕು, ಡೀಲರ್ ಬೆಲೆಗೂ ಓನರ್ ಬೆಲೆಗೂ ಇರುವ ಅಂತರದಲ್ಲಿ ಅದೂ ಅಡಗಿದೆ.

ದುಡ್ಡು ಕೊಡುವ ದಿನ

ಟೋಕನ್ ಕೊಡುವಾಗ ಗಾಡಿ ನಂಬರ್, ಒಪ್ಪಿದ ಬೆಲೆ, ಯಾವ ಷರತ್ತಿನಲ್ಲಿ ದುಡ್ಡು ವಾಪಸ್ ಎಂಬುದನ್ನು ವಾಟ್ಸ್‌ಆ್ಯಪ್‌ನಲ್ಲಾದರೂ ಬರೆಸಿಕೊಳ್ಳಿ. ಉಳಿದ ಮೊತ್ತ ಬ್ಯಾಂಕ್ ಮೂಲಕ, ಆರ್‌ಸಿಯಲ್ಲಿ ಹೆಸರಿರುವವರ ಖಾತೆಗೇ. ಸಾಲದ ನಮೂದು ಇದ್ದರೆ ಬ್ಯಾಂಕಿನ ಪತ್ರ ಮತ್ತು ಸಹಿ ಹಾಕಿದ ಫಾರ್ಮ್ 35 ಕೈಗೆ ಬರಲಿ. ಹೆಸರು ಬದಲಾವಣೆಯ ಫಾರ್ಮ್ 29, 30ಕ್ಕೆ ಅಂದೇ ಸಹಿ ಆಗಲಿ. ಎರಡೂ ಕೀಲಿ, ಸರ್ವಿಸ್ ಪುಸ್ತಕ, ಹಳೆಯ ಬಿಲ್ಲುಗಳು, ಮೂಲ ಭಾಗಗಳ ಡಬ್ಬ ಕೇಳಿ ಪಡೆಯಿರಿ. ಗಾಡಿ ಕೈಬದಲಾದ ದಿನಾಂಕ ಮತ್ತು ಗಂಟೆ ಬರೆದ ಡೆಲಿವರಿ ಚೀಟಿಗೆ ಇಬ್ಬರೂ ಸಹಿ ಹಾಕಿ. ಆ ಗಂಟೆಗೆ ಮುಂಚಿನ ಚಲನ್ ಅವರದು, ನಂತರದ್ದು ನಿಮ್ಮದು.

ಹೆಸರು ಬದಲಾವಣೆಗೆ ಕೊಂಡವರು 30 ದಿನದೊಳಗೆ ಆರ್‌ಟಿಒಗೆ ಅರ್ಜಿ ಹಾಕಬೇಕು. ವಿಮೆಗೆ ಅಷ್ಟು ಸಮಯ ಇಲ್ಲ, 14 ದಿನದೊಳಗೆ ಪಾಲಿಸಿಯನ್ನು ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಬೇಕು. ಥರ್ಡ್ ಪಾರ್ಟಿ ರಕ್ಷಣೆ ಗಾಡಿಯ ಜೊತೆಗೇ ಬರುತ್ತದೆ, ಗಾಡಿಯ ಸ್ವಂತ ಹಾನಿಯದು ಹಾಗೆ ಬರುವುದಿಲ್ಲ. ಹಳೆಯ ಓನರ್‌ನ ಹೆಸರಿನಲ್ಲೇ ಪಾಲಿಸಿ ಉಳಿದಿರುವಾಗ ಇಪ್ಪತ್ತನೇ ದಿನ ಎಕ್ಸ್‌ಪ್ರೆಸ್‌ವೇಯಲ್ಲಿ ಗುದ್ದಿದರೆ, ಆ ಕ್ಲೇಮು ತಿರಸ್ಕಾರವಾಗುವ ಸಾಧ್ಯತೆಯೇ ಹೆಚ್ಚು.